ತಂಗುಲಾ ನಿಲ್ದಾಣವೂ ಹೆಪ್ಪುಗಟ್ಟಿದ ನೆಲವೂ

ಚೀನದ ಗೋಲ್ಮುಡ್ ನಗರದಿಂದ ಟಿಬೆಟ್ಟಿನ ಲಾಸಾದವರೆಗಿನ 1142 ಕಿಲೋಮೀಟರ್ ಉದ್ದದ ರೈಲುಮಾರ್ಗವು 2006ನೆಯ ಇಸವಿ ಜುಲೈ 1ರಂದು ಸಂಚಾರಕ್ಕೆ ತೆರೆಯಲ್ಪಟ್ಟಿತು. ಈ ಮಾರ್ಗದಲ್ಲಿ ಸಮುದ್ರಮಟ್ಟದಿಂದ 5068 ಮೀಟರ್ ಎತ್ತರದಲ್ಲಿರುವ ತಂಗುಲಾ ನಿಲ್ದಾಣವು ಜಗತ್ತಿನ ರೈಲು ನಿಲ್ದಾಣಗಳಲ್ಲೆಲ್ಲ ಅತ್ಯಂತ ಎತ್ತರದ್ದು. ಅದಕ್ಕೆ ಮೊದಲು ಈ ಹಿರಿಮೆಯು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ನಿಲ್ದಾಣಗಳಿಗೆ ಸಲ್ಲುತ್ತಿತ್ತು. ಇಲ್ಲಿ ವಾಯುವಿನ ಒತ್ತಡವು ಸಮುದ್ರತೀರದಲ್ಲಿರುವುದರ ಸುಮಾರು ಅರ್ಧದಷ್ಟು ಮಾತ್ರ. ಇಂತಹ ಎಡೆಯಲ್ಲಿ ಮನುಷ್ಯನ ದೀರ್ಘವಾಸವು ಕಷ್ಟಸಾಧ್ಯವಾದುದರಿಂದ, ಸಿಬ್ಬಂದಿಯಿಲ್ಲದೆಯೇ ಕೆಲಸ ನಡೆಯುವಂತೆ ನಿಲ್ದಾಣವನ್ನು ನಿರ್ಮಿಸಲಾಯಿತು. ಪ್ರಯಾಣಿಕರ ಗಾಡಿಗಳ ಒಳಗೆ ಆಮ್ಲಜನಕವನ್ನು ಒದಗಿಸುವ ಏರ್ಪಾಡೂ ಉಂಟು.

ಆದರೆ ಈ ಮಾರ್ಗದ ನಿರ್ಮಾಣದಲ್ಲಿ ಎತ್ತರಕ್ಕಿಂತಲೂ ದೊಡ್ಡ ತೊಡಕಾಗಿ ಪರಿಣಮಿಸಿದ್ದು ನೆಲದ ಸ್ವಭಾವ. ಮಾರ್ಗದ ಸುಮಾರು 550 ಕಿಲೋಮೀಟರ್ ಭಾಗವು ಸದಾ ಹೆಪ್ಪುಗಟ್ಟಿರುವ ನೆಲದ ಮೇಲೆ ಹಾದುಹೋಗುತ್ತದೆ. ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎಡೆಬಿಡದೆ ಸೊನ್ನೆ ಡಿಗ್ರಿ ಸೆಂಟಿಗ್ರೇಡಿಗಿಂತ ಮೇಲೇರದ ನೆಲವನ್ನು ಹೀಗೆ ಕರೆಯುವುದು ವಾಡಿಕೆ. ಅದರ ಮೇಲ್ಪದರವು ಬೇಸಗೆಯಲ್ಲಿ ಕರಗಿ ಕುಸಿಯುತ್ತದೆ. ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟಿ ಉಬ್ಬುತ್ತದೆ. ಈ ಏರಿಳಿತಕ್ಕೆ ಸಿಕ್ಕಿದ ಕಂಬಿಗಳು ಸಮವಾಗಿ ಉಳಿಯಲಾರವು.

ಆದುದರಿಂದ ನೆಲವನ್ನು ತಣ್ಣಗಿರಿಸುವುದೇ ಇಲ್ಲಿ ಅನುಸರಿಸಲಾದ ತತ್ತ್ವ. ಇದಕ್ಕಾಗಿ ಕೆಲವೆಡೆ ಏರಿಯ ಪಕ್ಕದಲ್ಲಿ ಅಮೋನಿಯ ತುಂಬಿದ, ಎರಡೂ ತುದಿ ಮುಚ್ಚಿದ ಉಕ್ಕಿನ ಕೊಳವೆಗಳನ್ನು ನೆಡಲಾಗಿದೆ. ಚಳಿಗಾಲದಲ್ಲಿ ಹೊರಗಿನ ಗಾಳಿಗಿಂತ ನೆಲದ ಉಷ್ಣತೆ ಹೆಚ್ಚು. ಆಗ ಕೊಳವೆಯ ಬುಡದಲ್ಲಿರುವ ಅಮೋನಿಯವು ನೆಲದ ಶಾಖವನ್ನು ಹೀರಿ ಆವಿಯಾಗಿ ಮೇಲೇರುತ್ತದೆ. ತುದಿಯಲ್ಲಿ ಶಾಖವನ್ನು ಗಾಳಿಗೆ ಬಿಟ್ಟು, ದ್ರವವಾಗಿ ಕೆಳಗಿಳಿಯುತ್ತದೆ. ಬೇಸಗೆಯಲ್ಲಿ ಮೇಲ್ತುದಿಯೇ ಬೆಚ್ಚಗಿರುವುದರಿಂದ ಆವಿಯು ದ್ರವವಾಗದೆ ಈ ಪರಿಚಲನೆ ತಾನಾಗಿ ನಿಲ್ಲುತ್ತದೆ. ಹೀಗೆ ಶಾಖವು ಹೊರಗೆ ಹೋಗಬಲ್ಲುದೇ ಹೊರತು ಅದೇ ದಾರಿಯಲ್ಲಿ ಒಳಕ್ಕೆ ಬರಲಾರದು. ಬೇರೆ ಕಡೆಗಳಲ್ಲಿ ಒಡೆದ ಕಲ್ಲುಗಳ ಪದರವೂ ಇದೇ ಕೆಲಸವನ್ನು ಮಾಡುತ್ತದೆ: ಚಳಿಗಾಲದ ಭಾರವಾದ ಶೀತಗಾಳಿಯು ಕಲ್ಲಿನ ಸಂದುಗಳೊಳಗೆ ಇಳಿದು ಬೆಚ್ಚನೆಯ ಗಾಳಿಯನ್ನು ಹೊರದೂಡುತ್ತದೆ. ನೆಲವು ತೀರ ದುರ್ಬಲವಾದಲ್ಲಿ ಏರಿಯನ್ನೇ ಕೈಬಿಟ್ಟು, ಆಳವಾದ ಕಂಬಗಳ ಮೇಲೆ ಸೇತುವೆಗಳನ್ನು ಕಟ್ಟಲಾಗಿದೆ. ಇವುಗಳಲ್ಲಿ ಚಿಂಗ್‌ಶುಯ್ ನದಿಯ ಸೇತುವೆಯ ಉದ್ದ 11.7 ಕಿಲೋಮೀಟರ್.

ಈ ಉಪಾಯಗಳೆಲ್ಲ ಚಳಿಗಾಲದ ಶೈತ್ಯವನ್ನೇ ಬಂಡವಾಳವಾಗಿ ಉಳ್ಳವು ಎಂಬುದನ್ನು ಗಮನಿಸಬೇಕು. ಟಿಬೆಟ್ಟಿನ ಪ್ರಸ್ಥಭೂಮಿಯಾದರೋ ಜಗತ್ತಿನ ಸರಾಸರಿಗಿಂತ ವೇಗವಾಗಿ ಬಿಸಿಯೇರುತ್ತಿದೆ. ಚಳಿಯು ಕುಗ್ಗಿದಷ್ಟೂ ಈ ಬಂಡವಾಳವೂ ಕರಗುವುದು. ಆದಕಾರಣ ತಂಗುಲಾ ಮಾರ್ಗದ ಭದ್ರತೆಯು ಕಟ್ಟಿ ಮುಗಿಸಿದಂದಿಗೆ ತೀರ್ಮಾನವಾದ ವಿಷಯವಲ್ಲ. ನೆಲದ ಉಷ್ಣತೆಯನ್ನು ವರ್ಷವರ್ಷವೂ ಅಳೆದು ಕಾಯ್ದುಕೊಳ್ಳಬೇಕಾದುದು.