ಎಸೆದವರೂ ಅವರೇ, ಒದ್ದವರೂ ಅವರೇ

1943ರ ನವೆಂಬರ್ 14. ವಾಷಿಂಗ್ಟನ್ ರೆಡ್‌ಸ್ಕಿನ್ಸ್ ತಂಡಕ್ಕೆ ಅಂದು ಡೆಟ್ರಾಯಿಟ್ ಲಯನ್ಸ್ ಎದುರಾಳಿ. ವಾಷಿಂಗ್ಟನ್ನಿನ ಸ್ಯಾಮಿ ಬಾ ಅಂಕ ತಂದುಕೊಡುವ ನಾಲ್ಕು ಟಚ್‌ಡೌನ್ ಪಾಸ್ ಎಸೆದರು. ಸಾಲದೆಂಬಂತೆ, ಎದುರಾಳಿಗಳು ಎಸೆದ ನಾಲ್ಕು ಪಾಸ್‌ಗಳನ್ನು ನಡುದಾರಿಯಲ್ಲೇ ಕಸಿದುಕೊಂಡರು.

ಇಂದಿನ ಅಮೆರಿಕನ್ ಫುಟ್‌ಬಾಲ್ ಬಲ್ಲವರಿಗೆ ಇದು ಕಟ್ಟುಕತೆ ಅನ್ನಿಸೀತು. ಈಗ ಚೆಂಡು ಎದುರಾಳಿಯ ಪಾಲಾದೊಡನೆ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಹೊರಬಂದು ಬೆಂಚಿನ ಮೇಲೆ ಕೂರುತ್ತಾನೆ. ರಕ್ಷಣೆಗೆ ಬೇರೆಯೇ ಹನ್ನೊಂದು ಮಂದಿ, ಒದೆಯಲು ಮತ್ತೊಬ್ಬ. ಸ್ಯಾಮಿ ಆಡಲು ಬಂದಾಗ ಅದೇ ಹನ್ನೊಂದು ಮಂದಿ ಎರಡೂ ಕಡೆ ದುಡಿಯುವುದು ವಾಡಿಕೆ. ಆದರೂ ಎಲ್ಲ ಕೆಲಸ ಮಾಡುವುದು ಬೇರೆ, ಎಲ್ಲದರಲ್ಲೂ ಮೊದಲಿಗರಾಗುವುದು ಬೇರೆ. 1943ರಲ್ಲಿ ಪಾಸಿಂಗ್, ಪಂಟಿಂಗ್ (ಚೆಂಡನ್ನು ದೂರಕ್ಕೆ ಒದೆಯುವುದು), ಇಂಟರ್‌ಸೆಪ್ಷನ್ (ಎದುರಾಳಿಯ ಪಾಸ್ ಕಸಿಯುವುದು) ಮೂರರಲ್ಲೂ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಅಗ್ರಸ್ಥಾನ ಅವರದೇ.

ಹುಟ್ಟಿದ್ದು 1914ರಲ್ಲಿ, ಟೆಕ್ಸಸ್‌ನ ಟೆಂಪಲ್‌ನಲ್ಲಿ. ಹುಡುಗನಾಗಿದ್ದಾಗ ಹಗ್ಗಕ್ಕೆ ಹಳೇ ಟೈರ್ ಕಟ್ಟಿ, ಅದನ್ನು ತೂಗಿಬಿಟ್ಟು, ತಾನೂ ಓಡುತ್ತಲೇ ಅದರ ತೂತಿಗೆ ಚೆಂಡು ತೂರಿಸುತ್ತಿದ್ದರು. ನಿಂತ ಗುರಿಯೂ ಇಲ್ಲ, ನಿಂತ ಕಾಲೂ ಇಲ್ಲ. ಫೋರ್ಟ್‌ವರ್ತ್‌ನ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದಲ್ಲಿ, ಕೋಚ್ ಡಚ್ ಮೇಯರ್ ಕೈಕೆಳಗೆ ಆ ಕೈ ಇನ್ನಷ್ಟು ಪಳಗಿತು. ಕಾಲೇಜು ತಂಡಗಳ ಪಂದ್ಯವಾದ 1936ರ ಶುಗರ್ ಬೌಲ್‌ನಲ್ಲಿ ಮಳೆಗೆ ಮೈದಾನವೆಲ್ಲ ಕೆಸರು. ಲೂಸಿಯಾನ ಸ್ಟೇಟ್ ವಿರುದ್ಧ 3–2ರಲ್ಲಿ ಗೆದ್ದರು. ಮರುವರ್ಷ ಮೊತ್ತಮೊದಲ ಕಾಟನ್ ಬೌಲ್ ಕೂಡ ಅವರ ತಂಡಕ್ಕೇ.

1937ರಲ್ಲಿ ರೆಡ್‌ಸ್ಕಿನ್ಸ್ ಸೇರಿ ವೃತ್ತಿಪರ ಆಟಕ್ಕಿಳಿದ ವರ್ಷವೇ ಷಿಕಾಗೊ ಬೇರ್ಸ್ ವಿರುದ್ಧ 28–21ರ ಗೆಲುವು, ಚಾಂಪಿಯನ್ ಪಟ್ಟ. ಆಗ ಪಾಸ್ ಎಂದರೆ ಬೇರೆ ದಾರಿ ಇಲ್ಲದಾಗಿನ ಸಾಹಸ. ಸ್ಯಾಮಿ ಅದನ್ನೇ ದಿನನಿತ್ಯದ ಆಯುಧ ಮಾಡಿಕೊಂಡರು.

ಎಲ್ಲವೂ ಕೈಗೂಡಿತೆಂದಲ್ಲ. 1940ರ ಫೈನಲ್‌ನಲ್ಲಿ ಅದೇ ಬೇರ್ಸ್ 73–0ರಿಂದ ಬಡಿದುಹಾಕಿತು. 1945ರ ಫೈನಲ್‌ನಲ್ಲಿ ಮೈದಾನದ ತಮ್ಮ ತುದಿಯ ಎಂಡ್‌ಜೋನ್‌ನಿಂದ ಸ್ಯಾಮಿ ಎಸೆದ ಚೆಂಡು ಗೋಲ್‌ಕಂಬಕ್ಕೆ ಬಡಿಯಿತು. ಆಗಿನ ನಿಯಮದಂತೆ ಕ್ಲೀವ್‌ಲ್ಯಾಂಡ್ ರ‍್ಯಾಮ್ಸ್‌ಗೆ ಎರಡು ಅಂಕ ಪುಕ್ಕಟೆ. ಸೋತದ್ದು 15–14ರಲ್ಲಿ, ಒಂದೇ ಅಂಕದಿಂದ! ಆಮೇಲೆ ಆ ನಿಯಮವನ್ನೇ ಬದಲಿಸಿದರು.

ಅವರ ಒದೆತದಲ್ಲಿ ಬಲದಷ್ಟೇ ಕಿಲಾಡಿತನವೂ ಇತ್ತು. ಒದೆತ ಬರಬಹುದೆಂದು ಎಣಿಸದೆ ಎದುರಾಳಿಗಳು ಮುಂದೆ ಒತ್ತಿ ನಿಂತಾಗ ಥಟ್ಟನೆ ಚೆಂಡನ್ನು ಒದ್ದುಬಿಡುತ್ತಿದ್ದರು. ಹಿಂದೆ ಹಿಡಿಯುವವರಿಲ್ಲದೆ ಅದು ಉರುಳುತ್ತಲೇ ಹೋಗುತ್ತಿತ್ತು. 1940ರಲ್ಲಿ ಪ್ರತಿ ಪಂಟ್‌ಗೆ ಅವರು ದಾಖಲಿಸಿದ ಸರಾಸರಿ 51.4 ಗಜದಲ್ಲಿ ಈ ಜಾಣತನದ ಪಾಲೂ ಇದೆ.

1950ರಲ್ಲಿ ಎಷ್ಟು ಬದಲಿ ಆಟಗಾರರನ್ನಾದರೂ ಇಳಿಸಬಹುದೆಂದು ಲೀಗ್ ಶಾಶ್ವತವಾಗಿ ಒಪ್ಪಿತು. ಸರ್ವಕೆಲಸದ ಆಟಗಾರರ ಕಾಲ ಮುಗಿಯುತ್ತ ಬಂತು. 16 ಋತುಗಳನ್ನು ಆಡಿ ಸ್ಯಾಮಿ 1952ರಲ್ಲಿ ನಿವೃತ್ತರಾದರು. 1963ರಲ್ಲಿ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್‌ನ ಮೊದಲ ತಂಡದಲ್ಲೇ ಹೆಸರು ಸೇರಿತು. 2008ರಲ್ಲಿ ತೀರಿಕೊಂಡಾಗ ಅವರಿಗೆ 94 ವರ್ಷ. ಒಂದು ಋತುವಿನ ಪಂಟಿಂಗ್ ಸರಾಸರಿಯಲ್ಲಿ ಅವರ 1940ರ ದಾಖಲೆ ಮಾತ್ರ 2022ರವರೆಗೂ ಉಳಿಯಿತು. ಮುರಿದವರು ಟೆನೆಸಿ ಟೈಟನ್ಸ್‌ನ ರಯಾನ್ ಸ್ಟೋನ್‌ಹೌಸ್, ತಂಡಕ್ಕೆ ಪಂಟ್ ಮಾಡಲೆಂದೇ ಸೇರಿದ್ದ ಆಟಗಾರ.