ವಾಡಿಯಲ್ಲಿ ಕೂಡುವ ಮೂರು ದಾರಿಗಳು

ದೂರಪ್ರಯಾಣಕ್ಕೆ ಸಿದ್ಧನಾಗುವ ಗೃಹಸ್ಥನು ಮೊದಲು ವಿಚಾರಿಸುವುದು ದೂರವೆಷ್ಟು, ದರವೆಷ್ಟು ಎಂಬುದನ್ನು. ವೃದ್ಧರೂ ಶಿಶುಗಳೂ ಗಂಟುಮೂಟೆಗಳೂ ಜೊತೆಗಿರುವಾಗ ಇವಕ್ಕಿಂತಲೂ ಮುಖ್ಯವಾದ ಪ್ರಶ್ನೆಗಳು ಎರಡುಂಟು: ನಡುದಾರಿಯಲ್ಲಿ ಎಷ್ಟು ಸಲ ಇಳಿದು ಹತ್ತಬೇಕು? ಒಂದು ಗಾಡಿಯು ತಪ್ಪಿದರೆ ಮುಂದಿನದು ಯಾವಾಗ? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನಿವಾಸಿಗಳಿಗೆ ಈ ವಿಚಾರವು ವಿಶೇಷವಾಗಿ ಅನ್ವಯಿಸುತ್ತದೆ. ಅವರ ಮುಂದಿರುವ ದಾರಿಯು ಒಂದಲ್ಲ, ಮೂರು.

ಇದರ ಮೂಲವು ಹಳೆಯದು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯು ಕಲಬುರ್ಗಿ, ಶಹಾಬಾದ, ವಾಡಿಗಳನ್ನು ಹಾದು ೧೮೭೧ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ಹೈದರಾಬಾದು ನಗರವು ಈ ಹಾದಿಯಿಂದ ದೂರವೇ ಉಳಿಯಿತು. ಆದುದರಿಂದ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ನಿಜಾಮರ ರಾಜಧಾನಿಗೆ ಬೇರೊಂದು ಹಳಿಯು ಹಾಕಲ್ಪಟ್ಟು ೧೮೭೪ರಲ್ಲಿ ತೆರೆಯಿತು. ಅಂದಿನಿಂದ ವಾಡಿಯು ಮೂರು ದಿಕ್ಕುಗಳ ಕೂಡುದಾಣವಾಗಿದೆ.

ಶಹಾಬಾದವೂ ವಾಡಿಯೂ ಮುಖ್ಯ ಹಾದಿಯ ಮೇಲೆಯೇ ಇರುವುದರಿಂದ ಅಲ್ಲಿಯವರ ಆಯ್ಕೆಯು ಸುಲಭ. ಚಿತ್ತಾಪುರ, ಸೇಡಂಗಳವರು ಆಲೋಚಿಸಬೇಕು. ಮುಂಬಯಿಗೆ ಹುಸೇನ್‌ಸಾಗರ, ಕೋಣಾರ್ಕ ಎಕ್ಸ್‌ಪ್ರೆಸ್ಸುಗಳು ಅವರೂರಿನ ಹಳಿಯ ಮೇಲೆಯೇ ಓಡುತ್ತವೆ. ಆದರೆ ಗಾಡಿಯು ಊರಿನ ಮೂಲಕ ಓಡುವುದು ಬೇರೆ, ಊರಿನಲ್ಲಿ ನಿಲ್ಲುವುದು ಬೇರೆ. ನಿಲುಗಡೆಯನ್ನು ವೇಳಾಪಟ್ಟಿಯಲ್ಲಿ ನೋಡಿಯೇ ಹೊರಡಬೇಕು. ಚಿಂಚೋಳಿಗೆ ರೈಲೇ ಇಲ್ಲ. ಅಲ್ಲಿಯವರು ರಸ್ತೆಯಿಂದ ಸೇಡಂಗೆ ಬರುವುದೋ ತಾಂಡೂರಿಗೆ ಹೋಗುವುದೋ ಎಂಬುದನ್ನು ತಮ್ಮ ಗಾಡಿಯು ನಿಲ್ಲುವ ಸ್ಥಳವನ್ನು ನೋಡಿ ನಿರ್ಣಯಿಸಬೇಕು.

ಬೆಂಗಳೂರಿನ ಪ್ರಯಾಣವನ್ನು ತೆಗೆದುಕೊಳ್ಳೋಣ. ಸೇಡಂನವರು ವಾಡಿಗೆ ಬಂದು ಉದ್ಯಾನ ಎಕ್ಸ್‌ಪ್ರೆಸ್ಸನ್ನೋ ಕರ್ನಾಟಕ ಎಕ್ಸ್‌ಪ್ರೆಸ್ಸನ್ನೋ ಹಿಡಿದು ರಾಯಚೂರು, ಗುಂತಕಲ್ಲುಗಳ ಮೂಲಕ ಹೋಗಬಹುದು. ಇಲ್ಲವೆ ಹೈದರಾಬಾದಿಗೆ ಹೋಗಿ ಕಾಚಿಗುಡದಿಂದ ಕರ್ನೂಲಿನ ಹಾದಿಯನ್ನು ಹಿಡಿಯಬಹುದು. ಎರಡನೆಯದು ಸುತ್ತು; ಮೇಲಾಗಿ ಮಹಾನಗರದಲ್ಲಿ ನಿಲ್ದಾಣವನ್ನು ಬದಲಿಸುವ ಶ್ರಮವೂ ಸೇರುತ್ತದೆ. ಒಂದು ಎಚ್ಚರಿಕೆ: ಸಿಕಂದರಾಬಾದಿನಿಂದ ರಾಯಚೂರಿನ ಕಡೆಗೆ ನೇರವಾಗಿ ಹೋಗುವ ಗಾಡಿಗಳು ವಾಡಿಯ ನಿಲ್ದಾಣವನ್ನು ಮುಟ್ಟದೆ ಹೊರಬಳಸಿನ ಹಳಿಯಿಂದ ಸಾಗುವುದುಂಟು. ಅಂತಹ ಗಾಡಿಗಾಗಿ ವಾಡಿಯಲ್ಲಿ ಕಾದು ಕುಳಿತರೆ ಫಲವಿಲ್ಲ.

ದಿಲ್ಲಿಗೆ ಹೋಗುವವರಿಗೂ ಎರಡು ದಾರಿಗಳುಂಟು. ಸೊಲ್ಲಾಪುರ, ದೌಂಡ, ಮನಮಾಡಗಳ ಮೂಲಕ ಒಂದು. ಸಿಕಂದರಾಬಾದು, ನಾಗಪುರಗಳ ಮೂಲಕ ಇನ್ನೊಂದು. ಎರಡೂ ಇಟಾರ್ಸಿಯಲ್ಲಿ ಒಂದಾಗುತ್ತವೆ. ವಾಡಿಯಲ್ಲೋ ಕಲಬುರ್ಗಿಯಲ್ಲೋ ಒಮ್ಮೆ ಹತ್ತಿ ದಿಲ್ಲಿಯಲ್ಲಿಯೇ ಇಳಿಯುವುದು ಸಂಸಾರಸಮೇತರಾದವರಿಗೆ ಹಿತ. ಸಿಕಂದರಾಬಾದಿನಲ್ಲಿ ಬಂಧುಗಳ ಮನೆಯಿದ್ದು ಒಂದು ದಿನ ತಂಗುವವರಿಗೆ ಎರಡನೆಯದು ಅನುಕೂಲ.

ಗಾಡಿಯನ್ನು ಬದಲಿಸುವುದು ಅನಿವಾರ್ಯವಾದರೆ ನಡುವೆ ಸಾಕಷ್ಟು ಬಿಡುವಿರಲಿ. ಎರಡು ಟಿಕೆಟ್ಟುಗಳ ಪಿ.ಎನ್.ಆರ್. ಸಂಖ್ಯೆಗಳನ್ನು ಪರಸ್ಪರ ಜೋಡಿಸುವ ಸೌಕರ್ಯವು ೨೦೧೯ರ ಏಪ್ರಿಲ್ ೧ರಿಂದ ಬಂದಿದೆ. ಹಾಗೆ ಜೋಡಿಸಿದ್ದು, ಮೊದಲ ಗಾಡಿಯು ತಡವಾಗಿ ಎರಡನೆಯದು ತಪ್ಪಿದರೆ, ಪ್ರಯಾಣಿಸದ ಭಾಗದ ಹಣವನ್ನು ನಿಯಮಾನುಸಾರ ಮರಳಿ ಪಡೆಯಬಹುದು. ಇದಕ್ಕೆ ಎರಡು ಟಿಕೆಟ್ಟುಗಳಲ್ಲಿಯೂ ಪ್ರಯಾಣಿಕರ ವಿವರವು ಒಂದೇ ಆಗಿರಬೇಕು.

ಹಣವು ಮರಳಬಹುದು, ಆದರೆ ಆಸ್ಪತ್ರೆಗೆ ಕರೆದೊಯ್ಯುವ ರೋಗಿಯ ಗೊತ್ತಾದ ದಿನವೂ ಮಗನ ಪರೀಕ್ಷೆಯ ವೇಳೆಯೂ ಮರಳವು. ಆದುದರಿಂದ ಅಂತಹ ಪ್ರಯಾಣಕ್ಕೆ ಅತಿ ವೇಗದ ದಾರಿಗಿಂತಲೂ, ಒಂದು ಗಾಡಿಯು ತಪ್ಪಿದರೆ ಇನ್ನೊಂದು ದೊರೆಯುವ ದಾರಿಯನ್ನೇ ಗೃಹಸ್ಥರು ಆರಿಸಿಕೊಳ್ಳುವುದು ಲೇಸು.