ದಶಮೂಲ: ಕಷಾಯಕ್ಕೆ ಮೊದಲು ಬೇರಿನ ಲೆಕ್ಕ

ಬಾಣಂತಿಯ ಆರೈಕೆಯಿಂದ ಹಿಡಿದು ಕೆಮ್ಮು, ದಮ್ಮು, ಕೀಲುನೋವಿನವರೆಗೆ ಆಯುರ್ವೇದ ವೈದ್ಯರು ಮತ್ತೆ ಮತ್ತೆ ಬರೆದುಕೊಡುವ ಮದ್ದು ದಶಮೂಲ ಕಷಾಯ. ವಾತ ಶಮನ ಮಾಡುತ್ತದೆ, ಬಾವು ಇಳಿಸುತ್ತದೆ ಎಂಬುದು ಶಾಸ್ತ್ರದ ಮಾತು. ಹೆಸರೇ ಹೇಳುವಂತೆ ಇದರಲ್ಲಿರುವುದು ಹತ್ತು ಬೇರು. ಬಿಲ್ವ, ಅಗ್ನಿಮಂಥ, ಶ್ಯೋನಾಕ, ಪಾದರಿ, ಶಿವನೆ ಇವು ಬೃಹತ್ ಪಂಚಮೂಲ. ಶಾಲಪರ್ಣಿ, ಪೃಶ್ನಿಪರ್ಣಿ, ಗುಳ್ಳ, ನೆಲಗುಳ್ಳ, ನೆಗ್ಗಿಲು ಲಘು ಪಂಚಮೂಲ. ತಯಾರಿಯ ಕ್ರಮವನ್ನು ಶಾರ್ಙ್ಗಧರ ಸಂಹಿತೆ ಖಚಿತವಾಗಿ ಹೇಳುತ್ತದೆ: ಒಂದು ಪಾಲು ಮದ್ದಿಗೆ ಹದಿನಾರು ಪಾಲು ನೀರು, ಎಂಟನೇ ಒಂದಕ್ಕೆ ಇಳಿಸಬೇಕು. ಇಂದಿನ ಅಳತೆಯಲ್ಲಿ ಒಂದು ಪಲ, ಅಂದರೆ 48 ಗ್ರಾಂ ಬೇರಿಗೆ 768 ಮಿ.ಲೀ. ನೀರು, ಕೊನೆಗೆ ಉಳಿಯುವುದು 96 ಮಿ.ಲೀ. ಬೇರನ್ನು ತರಿತರಿಯಾಗಿ ಕುಟ್ಟಿ, ಮುಚ್ಚಳ ತೆಗೆದು, ಸಣ್ಣ ಉರಿಯಲ್ಲಿ ಕುದಿಸಿ ಸೋಸಬೇಕು. ಹೀಗೆ ಮಾಡಿದ್ದು ಅಂದಂದಿಗೇ ಮುಗಿಯಬೇಕು. ಬಹುಕಾಲ ಇಡಲೆಂದೇ ಧಾತಕಿ ಹೂವು, ಬೆಲ್ಲ ಸೇರಿಸಿ ಹುಳಿಸುವ ದಶಮೂಲಾರಿಷ್ಟ ಬಂತು.

ಇಷ್ಟು ಜತನದ ಪಾಕಕ್ಕೆ ಬೇಕಾದ ಬೇರು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳದಿರುವುದೇ ನನ್ನ ಚಿಂತೆ. ಬೃಹತ್ ಪಂಚಮೂಲದ ಬಹುಪಾಲು ಮರಗಳು. ಬೇರು ಅಗೆದರೆ ಮರ ಉಳಿಯುವುದು ಕಷ್ಟ. ಬೇಡಿಕೆ ಬೆಳೆದಷ್ಟೂ ಕಾಡು ಬರಿದಾಗುತ್ತದೆ, ಬೆರಕೆಯೂ ಹೆಚ್ಚುತ್ತದೆ. ಹಾಗಾದರೆ ಮರದ ಬೇರಿನ ಬದಲು ಕಾಂಡದ ತೊಗಟೆ ಬಳಸಬಾರದೇ? ಮೂಲ ಎಂದ ಮೇಲೆ ಬೇರೇ ಬೇಕು ಎನ್ನುವವರ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ, ಬೇರಿನ ಗುಣವೆಲ್ಲ ತೊಗಟೆಯಲ್ಲಿ ಇದ್ದೇ ಇದೆ ಎಂದು ಊಹಿಸಿಕೊಳ್ಳುವಂತಿಲ್ಲ. ಆದರೆ ಸರ್ಕಾರದ ಆಯುರ್ವೇದ ಫಾರ್ಮುಲರಿಯೇ ಈ ಮರಗಳ ಬೇರಿನ ಜಾಗದಲ್ಲಿ ಕಾಂಡದ ತೊಗಟೆಗೂ ಅವಕಾಶ ಕೊಟ್ಟಿದೆ. ಆ ಅವಕಾಶವನ್ನು ಪರೀಕ್ಷಿಸಿ, ಬಳಸಿ, ಬಳಸಿದ್ದನ್ನು ಮುಚ್ಚಿಡದೆ ಹೇಳುವುದು ಸರಿಯಾದ ದಾರಿ. ತೊಗಟೆಯನ್ನೂ ಮರದ ಸುತ್ತ ಪೂರ್ತಿ ಸುಲಿದರೆ ಮರ ಸಾಯುತ್ತದೆ ಎಂಬುದನ್ನು ಮರೆಯಬಾರದು. ಮರ ಬೆಳೆಸಲು ವರ್ಷಗಟ್ಟಲೆ ಕಾಯಬೇಕು, ರೈತ ಯಾಕೆ ಕಾದಾನು ಎಂದೂ ಕೇಳುತ್ತಾರೆ. ಶಿವನೆಯನ್ನು ನಾಟಾಕ್ಕಾಗಿ ಈಗಾಗಲೇ ನೆಡುತ್ತಿದ್ದಾರೆ. ಲಘು ಪಂಚಮೂಲದ ಗಿಡಗಳಂತೂ ಹೊಲದಲ್ಲೇ ಬೆಳೆಯುವಂಥವು, ಅವಕ್ಕೆ ಕಾಡಿಗೆ ಕೈಹಾಕುವ ಅಗತ್ಯವೇ ಇಲ್ಲ. ಬೇಕಿರುವುದು ಖಚಿತ ಖರೀದಿ.

ಕಷಾಯ ಕುಡಿಯುವವರಿಗೂ ಒಂದು ಕೆಲಸವಿದೆ. ಗರ್ಭಿಣಿಯರು, ಬೇರೆ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಮಿಕ್ಕವರು ಪೊಟ್ಟಣ ಕೊಳ್ಳುವಾಗ ಬೆಲೆ ನೋಡುವ ಮುನ್ನ ಒಳಗಿರುವುದು ಬೇರೋ ತೊಗಟೆಯೋ, ಹತ್ತೂ ಇವೆಯೋ ಎಂದು ಅಂಗಡಿಯವರನ್ನು ಕೇಳಿ.